ಚೈನು ‘ತಪ್ಪುವುದು’, ‘ಹಾರುವುದು’, ‘ಕೂರದೇ ಇರುವುದು’: ಗೇರ್ ಸೈಕಲ್ಲಿಗೆ ಮಾತು ಬೇಕಾಗಿದೆ

ನಾನಿರುವುದು ಶಿರಸಿಯಲ್ಲಿ. ಡಾಂಬರಿಗೂ ಮಣ್ಣುರಸ್ತೆಗೂ ಆಗುವ ಗ್ರಾವೆಲ್ ಬೈಕ್ ಎಂಬ ಗೇರ್ ಸೈಕಲ್ ಒಂದಿದೆ. ಹಿಂದಿನ ಗಾಲಿಗೆ ಮೊದಲು 9 ಗೇರ್ ಇತ್ತು. ದೇವಿಮನೆ ಘಟ್ಟ ಹತ್ತಲು ಇನ್ನೂ ಹಗುರದ ಗೇರ್ ಬೇಕು ಅಂತ 11 ಗೇರಿನ ಕ್ಯಾಸೆಟ್, ಅಂದರೆ ಹಲ್ಲುಚಕ್ರಗಳ ಗೊಂಚಲು, ಹಾಕಿದೆ. ದೊಡ್ಡ ಚಕ್ರಕ್ಕೆ 42 ಹಲ್ಲು. ಗೇರ್ ಬದಲಿಸಲು ಹ್ಯಾಂಡಲ್ಲಿನಲ್ಲಿ ಒತ್ತುವ ಲಿವರ್ ಡಾಂಬರಿನಲ್ಲಿ ಓಡುವ ರೋಡ್ ಬೈಕಿನದು. ಆ ಲಿವರ್ ಕೇಬಲ್ ಎಳೆದಾಗ ಚೈನನ್ನು ಚಕ್ರದಿಂದ ಚಕ್ರಕ್ಕೆ ದಾಟಿಸುವ ಡಿರೇಲರ್ ಗುಡ್ಡ ಹತ್ತುವ ಮೌಂಟನ್ ಬೈಕಿನದು. ಎರಡೂ ಶಿಮಾನೊ ಕಂಪನಿಯವು, ಎರಡೂ 11 ಗೇರಿನವು. ಹೊಂದುತ್ತದೆ ಅಂದುಕೊಂಡು ನಾನೇ ಮನೆಯಲ್ಲಿ ಕೂತು ಜೋಡಿಸಿದೆ.

ಕುಮಟೆಗೆ ಇಳಿಯುವಾಗ ಏನೂ ಗೊತ್ತಾಗಲಿಲ್ಲ. ಸಣ್ಣ ಚಕ್ರಗಳಲ್ಲೇ ಹೋಗಿಬಿಟ್ಟೆ. ವಾಪಸ್ ಬರುವಾಗ ಕತಗಾಲ ದಾಟಿ ಏರು ಶುರುವಾಯಿತು ನೋಡಿ. ಲಿವರ್ ಒತ್ತಿದರೆ ಕ್ಲಿಕ್ ಅನ್ನುತ್ತದೆ. ಚೈನು ಮೇಲಿನ ಚಕ್ರದ ಅಂಚಿಗೆ ಉಜ್ಜಿ ಕರಕರ ಅನ್ನುತ್ತದೆ, ಹತ್ತುವುದಿಲ್ಲ. ಇನ್ನೊಮ್ಮೆ ಒತ್ತಿದರೆ ಹತ್ತುತ್ತದೆ, ನಾಲ್ಕು ಸಲ ತುಳಿಯುವಷ್ಟರಲ್ಲಿ ತಾನಾಗೇ ಇಳಿಯುತ್ತದೆ. ಆ 42 ಹಲ್ಲಿನ ಚಕ್ರಕ್ಕಂತೂ ಮುಟ್ಟಲೇ ಇಲ್ಲ. ಅರ್ಧ ಘಟ್ಟ ಸೈಕಲ್ ತಳ್ಳಿಕೊಂಡೇ ಹತ್ತಿದೆ.

ಆಮೇಲೆ ಕಾರವಾರದ ಗೆಳೆಯನಿಗೆ ಫೋನ್ ಮಾಡಿ “ಚೈನ್ ತಪ್ತಾ ಇದೆ” ಅಂದೆ. ಅವನು ಚೈನು ಕಳಚಿ ಬೀಳುತ್ತಿದೆ ಅಂತ ತಿಳಿದು ಡಿರೇಲರ್ ಅತಿಯಾಗಿ ಸರಿಯದಂತೆ ತಡೆಯುವ ಲಿಮಿಟ್ ಸ್ಕ್ರೂ ತಿರುಗಿಸಲು ಹೇಳಿದ. ಇನ್ನೊಬ್ಬರಿಗೂ ಅದೇ ಮಾತು ಹೇಳಿದೆ. ಅವರು ಹಲ್ಲು ಸವೆದು ಚೈನು ಹಾರುತ್ತಿದೆ ಅಂದುಕೊಂಡರು, ಚೈನು ಬದಲಿಸಿ ಅಂದರು. ಹೊಸ ಚೈನು ಅದು! ಇಬ್ಬರೂ ತಿಳಿದವರೇ. ನನ್ನ ಮಾತು ಅವರಿಗೆ ಬೇರೆ ಬೇರೆ ಕಾಯಿಲೆ ತೋರಿಸಿತು.

ಕೊನೆಗೆ ಪೇಟೆಯ ಹಳೇ ಸೈಕಲ್ ಅಂಗಡಿಗೆ ಒಯ್ದೆ. ಅಲ್ಲಿಯ ಹಿರಿಯರು ಸೈಕಲ್ ಮುಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿದರು: “ಹಾರ್ತದೋ, ಕೂರೂದಿಲ್ವೋ?” ಆಮೇಲೆ ಹಿಂದಿನ ಗಾಲಿ ಎತ್ತಿ ಹಿಡಿದು, ಕೈಯಲ್ಲೇ ಪೆಡಲ್ ತಿರುಗಿಸಿ, ಒಂದೊಂದೇ ಕ್ಲಿಕ್ ಹಾಕಿಸಿದರು. ಮೊದಲ ಚಕ್ರದಲ್ಲಿ ಸರಿ. ಎರಡನೆಯದಕ್ಕೆ ಸ್ವಲ್ಪ ಕಮ್ಮಿ. ಮೂರನೆಯದಕ್ಕೆ ಇನ್ನೂ ಕಮ್ಮಿ. ಕೇಬಲ್ ಬಿಗಿ ಮಾಡಿದರೆ ಮೂರನೆಯದು ಸರಿಯಾಯಿತು, ಮೊದಲನೆಯದು ಕೆಟ್ಟಿತು. “ಇದು ಬಿಗಿ ಮಾಡಿದ್ರೆ ಹೋಗೂದಲ್ಲ” ಅಂದು ಕೈ ಒರೆಸಿಕೊಂಡರು.

ಅವರು ಹೇಳಿದ್ದು ಸರಿ. ರೋಡ್ ಲಿವರ್ ಒಂದು ಕ್ಲಿಕ್ಕಿಗೆ ಸುಮಾರು 2.7 ಮಿಲಿಮೀಟರ್ ಕೇಬಲ್ ಎಳೆಯುತ್ತದೆ. ಆ ಮೌಂಟನ್ ಡಿರೇಲರ್ ಒಂದು ಚಕ್ರ ದಾಟಬೇಕಾದರೆ ಸುಮಾರು 3.6 ಮಿಲಿಮೀಟರ್ ಎಳೆಯಬೇಕು. ಪ್ರತಿ ಕ್ಲಿಕ್ಕಿಗೂ 0.9 ಕಮ್ಮಿ. ನಾಲ್ಕು ಕ್ಲಿಕ್ ಆಗುವಷ್ಟರಲ್ಲಿ ಇಡೀ ಒಂದು ಚಕ್ರದಷ್ಟು ಹಿಂದೆ ಬಿದ್ದಿರುತ್ತದೆ. ರೋಡ್ ಲಿವರಿಗೆ ಹೊಂದುವ, ಶಿಮಾನೊದವರದೇ ಆದ ಜಿಆರ್‌ಎಕ್ಸ್ ಡಿರೇಲರ್ ತಂದು ಹಾಕಿದ ಮೇಲೆ ಸದ್ದಿಲ್ಲದೆ ನಡೆಯುತ್ತಿದೆ. ಸೈಕಲ್ ಕಥೆ ಅಲ್ಲಿಗೆ ಮುಗಿಯಿತು. ಮಾತಿನ ಕಥೆ ಮುಗಿದಿಲ್ಲ.

ನಮ್ಮ ಹಳೇ ಸೈಕಲ್ಲಿಗೆ ಗೇರೇ ಇರಲಿಲ್ಲ. ಚೈನು ಸಡಿಲಾದರೆ ಬೀಳುತ್ತಿತ್ತು, ಅಷ್ಟೇ. ಹಾಗಾಗಿ ‘ಚೈನ್ ತಪ್ಪಿತು’ ಅಂದರೆ ಸಾಕಿತ್ತು. ಈಗ ಅದೇ ಮಾತು ಎಲ್ಲದಕ್ಕೂ ಬಳಕೆಯಾಗುತ್ತಿದೆ. ನನಗೆ ತೋಚಿದ್ದು ಹೀಗೆ: ಚೈನು ಚಕ್ರದಿಂದಲೇ ಹೊರಗೆ ಹೋದರೆ ‘ಬೀಳುವುದು’. ಅದೇ ಚಕ್ರದಲ್ಲಿದ್ದು ಹಲ್ಲಿನ ಮೇಲೆ ಜಾರಿದರೆ ‘ಹಾರುವುದು’. ಹೇಳಿದ ಚಕ್ರದ ಮೇಲೆ ನಿಲ್ಲದಿದ್ದರೆ ‘ಕೂರದೇ ಇರುವುದು’. ಮೂರೂ ಮನೆಮಾತುಗಳೇ, ಹೊಸದಾಗಿ ಕಟ್ಟಬೇಕಾಗಿಲ್ಲ.

ತೊಡಕಿರುವುದು ಈ ‘ಕೂರದೇ ಇರುವುದ’ರಲ್ಲಿ. ಅದರಲ್ಲೇ ಎರಡು ಬಗೆ. ಕೇಬಲ್ ಸಡಿಲಾಗಿದ್ದರೆ ಎಲ್ಲ ಗೇರೂ ಒಂದೇ ಅಳತೆಯಲ್ಲಿ ತಪ್ಪುತ್ತವೆ, ಕೇಬಲ್ ಬಿಗಿ ಮಾಡುವ ತಿರುಪು ತಿರುಗಿಸಿದರೆ ಎಲ್ಲವೂ ಒಟ್ಟಿಗೇ ಸರಿಯಾಗುತ್ತವೆ. ನನ್ನ ಸೈಕಲ್ಲಿನಲ್ಲಿ ಆದದ್ದು ಹಾಗಲ್ಲ, ಒಂದೊಂದು ಕ್ಲಿಕ್ಕಿನ ಹೆಜ್ಜೆಯ ಅಳತೆಯೇ ಬೇರೆ ಇತ್ತು. ಇದನ್ನು ಯೋಚಿಸುವಾಗ ನೆನಪಾದದ್ದು ವೀಣೆ. ತಂತಿ ಇಳಿದಿದ್ದರೆ ಬಿರಡೆ ತಿರುಗಿಸಿ ಶ್ರುತಿ ಮಾಡಿದರಾಯಿತು. ಮೇಣದ ಮೇಲೆ ಕೂರಿಸಿದ, ತಂತಿ ಒತ್ತಿ ನುಡಿಸುವ 24 ಮೆಟ್ಟಿಲುಗಳೇ ಜಾಗ ಬಿಟ್ಟಿದ್ದರೆ? ಬಿರಡೆ ಎಷ್ಟು ತಿರುಗಿಸಿದರೂ ಒಂದು ಸ್ವರ ಸರಿಹೋದರೆ ಇನ್ನೊಂದು ಕೆಡುತ್ತದೆ. ನನ್ನ ಗೇರಿನದೂ ಅದೇ ಪಾಡು ಅಲ್ವಾ?

ಹಾಗಾಗಿ ಮೊದಲನೆಯದಕ್ಕೆ ‘ಗೇರ್ ಶ್ರುತಿ ತಪ್ಪಿದೆ’, ಎರಡನೆಯದಕ್ಕೆ ‘ಮೆಟ್ಟಿಲು ಹೊಂದುತ್ತಿಲ್ಲ’ ಅಂದರೆ ಹೇಗೆ? ಕೇಬಲ್ ಬಿಗಿ ಮಾಡುವ ಆ ಪುಟ್ಟ ತಿರುಪಿಗೆ ‘ಬಿರಡೆ’ ಅಂತಲೇ ಕರೆಯಬಹುದು ಅನ್ನಿಸುತ್ತದೆ. ಕೈಯಲ್ಲಿ ತಿರುಗಿಸುವುದು, ತಂತಿ ಬಿಗಿ ಮಾಡುವುದು, ಎರಡೂ ಅದರಲ್ಲಿದೆ. ಡಿರೇಲರ್ ತೂಗುಹಾಕುವ, ಸೈಕಲ್ ಬಿದ್ದರೆ ಮೊದಲು ಬಾಗುವ ಆ ಮೆತ್ತನೆ ಲೋಹದ ತುಂಡಿಗೆ ‘ಕಿವಿ’ ಅನ್ನಬಹುದೇ? ಪಾತ್ರೆಯ ಹಿಡಿಗೆ ಕಿವಿ ಅನ್ನುತ್ತೇವಲ್ಲ, ಹಾಗೆ.

ಕೇಳುವುದು ಇಷ್ಟು. ನಿಮ್ಮ ಊರಿನ ಸೈಕಲ್ ಅಂಗಡಿಯಲ್ಲಿ ‘ಹಾರು’ ಮತ್ತು ‘ಕೂರು’ ಬೇರೆ ಬೇರೆಯಾಗಿ ಬಳಕೆಯಲ್ಲಿವೆಯೇ? ಕಾರವಾರ, ಅಂಕೋಲಾ ಕಡೆ ಕೊಂಕಣಿ ಬೆರೆತ ಮಾತಿದ್ದರೆ ಅದನ್ನೂ ಹೇಳಿ. ಮತ್ತೆ ವೀಣೆ ನುಡಿಸುವವರಿದ್ದರೆ, ಮೆಟ್ಟಿಲು ಜಾಗ ಬಿಟ್ಟಾಗ ನೀವು ಬಾಯಲ್ಲಿ ಏನಂತೀರಿ? ನನಗೆ ಮುಖ್ಯವಾಗಿ ಬೇಕಾಗಿರುವುದು ಆ ಕ್ರಿಯಾಪದ.