ಫಾಕ್‌ಲ್ಯಾಂಡ್ ದ್ವೀಪಗಳನ್ನ ಬ್ರಿಟನ್ ಇವತ್ತು ನಿಜವಾಗ್ಲೂ ಕಾಪಾಡ್ಕೊಳ್ಳೋಕೆ ಆಗುತ್ತಾ?

ಬ್ಯಾಕ್‌ಬೆಂಚ್_ಬಸವನಗುಡಿ:
ನಿನ್ನೆ ರಾತ್ರಿ ನಿದ್ದೆ ಬರ್ದೆ ಅರ್ಜೆಂಟೀನಾದ ಟ್ರಾವೆಲ್ ವ್ಲಾಗ್ ಒಂದು ನೋಡ್ತಾ ಕೂತಿದ್ದೆ, ಬಸ್ ಒಳಗೆ "ಮಾಲ್ವಿನಾಸ್ ಅರ್ಜೆಂಟೀನಾದ್ದು" ಅಂತ ಬೋರ್ಡ್ (ಮಾಲ್ವಿನಾಸ್ ಅಂದ್ರೆ ಫಾಕ್‌ಲ್ಯಾಂಡ್‌ಗೆ ಅವ್ರು ಕರೆಯೋ ಹೆಸರು). ಹುಡುಕಿ ನೋಡಿದ್ರೆ 2014ರಲ್ಲಿ ಕಾನೂನೇ ಮಾಡಿದ್ದಾರಂತೆ, ಬಸ್ಸು ರೈಲು ಎಲ್ಲದ್ರಲ್ಲೂ ಇದು ಇರ್ಲೇಬೇಕು ಅಂತ. ಆಮೇಲೆ ಮ್ಯಾಪ್ ತೆಗೆದ್ರೆ ದ್ವೀಪ ಇರೋದು ಅರ್ಜೆಂಟೀನಾ ತೀರದಿಂದ ಸುಮಾರು 480 ಕಿ.ಮೀ. ದೂರ, ಲಂಡನ್ನಿಂದ 12,000 ಕಿ.ಮೀ.ಗಿಂತ ಜಾಸ್ತಿ. ಜನ ಎಷ್ಟು ಅಂದ್ರೆ ಮೂರೂವರೆ ಸಾವಿರದ ಆಸುಪಾಸು, ನಮ್ಮ ಕಡೆ ಒಂದು ದೊಡ್ಡ ಅಪಾರ್ಟ್‌ಮೆಂಟಲ್ಲಿ ಇರೋಷ್ಟು. ಇದಕ್ಕೋಸ್ಕರ 1982ರಲ್ಲಿ 74 ದಿನ ಯುದ್ಧ, ಅರ್ಜೆಂಟೀನಾದ 649, ಬ್ರಿಟನ್ನಿನ 255 ಸೈನಿಕರು, ಮೂರು ಜನ ದ್ವೀಪದವರು ಸತ್ತಿದ್ದಾರೆ.

ನನ್ನ ಡೌಟ್ ಇಷ್ಟೇ. ಆಗ ನೂರಕ್ಕೂ ಹೆಚ್ಚು ಹಡಗು ಕಳ್ಸಿದ್ರು, ಕ್ರೂಸ್ ಹಡಗು ಕ್ವೀನ್ ಎಲಿಜಬೆತ್ 2 ಅನ್ನೂ ಬಿಡ್ಲಿಲ್ಲ, ಸೈನಿಕರನ್ನ ತುಂಬಿ ಕಳ್ಸಿದ್ರು. ಈಗಿನ ರಾಯಲ್ ನೇವಿ ಅದರ ಅರ್ಧಾನೂ ಇಲ್ಲ ಅಂತಾರೆ. ಹಾಗಿದ್ರೆ ಅರ್ಜೆಂಟೀನಾ ಯಾಕೆ ಸುಮ್ನೆ ಕೂತಿದೆ? ಗೊತ್ತಿರೋರು ಹೇಳಿ.

ರನ್‌ವೇ_ರಂಗ:
ಗುರು, ಪ್ರಶ್ನೇನೇ ಸ್ವಲ್ಪ ಉಲ್ಟಾ ಇದೆ. 1982ರ ಥರ ಪಡೆ ಕಟ್ಕೊಂಡು ಹೋಗಿ ದ್ವೀಪ ವಾಪಸ್ ತಗೊಳ್ಳೋ ಪರಿಸ್ಥಿತೀನೇ ಬರಬಾರ್ದು ಅನ್ನೋದು ಈಗಿನ ಪ್ಲಾನು. ಅದಕ್ಕೆ ಬೇಕಾಗಿದ್ದು ಹಡಗಲ್ಲ, ಒಂದು ಒಳ್ಳೆ ರನ್‌ವೇ.

ಆಗ ಏನಾಗಿತ್ತು ನೋಡು. ದ್ವೀಪದ ರಾಜಧಾನಿ ಸ್ಟಾನ್ಲಿ ಊರಲ್ಲಿ ಇದ್ದಿದ್ದು ಹೆಚ್ಚುಕಮ್ಮಿ 1,250 ಮೀಟರ್ ರನ್‌ವೇ ಪಟ್ಟಿ. ಕಾವಲಿಗೆ ಇದ್ದ ರಾಯಲ್ ಮರೀನ್ಸು, ನಾವಿಕರು ಎಲ್ಲಾ ಸೇರಿ ಎಪ್ಪತ್ತರ ಹತ್ರ, ಅದೂ ಹಳೇ ತಂಡ ಹೋಗಿ ಹೊಸ ತಂಡ ಬರೋ ಹೊತ್ತು ಆಗಿದ್ರಿಂದ ಅಷ್ಟು ಜನ. ಏಪ್ರಿಲ್ 2ಕ್ಕೆ ಅರ್ಜೆಂಟೀನಾದವ್ರು ಇಳಿದ್ರು, ಗವರ್ನರ್ ರೆಕ್ಸ್ ಹಂಟ್ ಅವತ್ತೇ ಶರಣಾದ್ರು. ಬ್ರಿಟನ್ನಿಂದ ಹೆಚ್ಚುವರಿ ಸೈನ್ಯ ವಿಮಾನದಲ್ಲಿ ತಂದಿಳಿಸೋಕೆ ಜಾಗಾನೇ ಇರ್ಲಿಲ್ಲ.

ಮಜಾ ಏನಂದ್ರೆ ಅದೇ ಪಟ್ಟಿ ಅರ್ಜೆಂಟೀನಾಗೂ ಕೈಕೊಡ್ತು. ಅವರ ಮಿರಾಜ್, ಸ್ಕೈಹಾಕ್, ಸೂಪರ್ ಎಟೆಂಡಾರ್ ಯಾವುದೂ ಸ್ಟಾನ್ಲಿಯಿಂದ ಹಾರ್ಲಿಲ್ಲ, ಎಲ್ಲಾ ರಿಯೋ ಗಯೇಗೋಸ್, ರಿಯೋ ಗ್ರಾಂದೆ ಥರದ ಮೇನ್‌ಲ್ಯಾಂಡ್ ಬೇಸ್‌ಗಳಿಂದಾನೇ ಬರ್ಬೇಕಿತ್ತು. ದ್ವೀಪದ ಮೇಲೆ ಬರೋ ಹೊತ್ತಿಗೆ ಫ್ಯೂಯೆಲ್ ಮೀಟರ್ ನೋಡ್ಕೊಂಡೇ ಹೊಡೆದಾಡ್ಬೇಕು, ಬ್ರಿಟನ್ನಿನ ಹಾರಿಯರ್ ಜೆಟ್‌ಗಳ ಜೊತೆ ಸುತ್ತಾಡ್ತಾ ಫೈಟ್ ಮಾಡೋಕೆ ಟೈಮೇ ಇಲ್ಲ. ಕೈಗೆ ಸಿಕ್ಕ ವಾರಗಳಲ್ಲಿ ಆ ರನ್‌ವೇ ಉದ್ದ ಮಾಡಿ ಜೆಟ್‌ಗಳನ್ನ ಅಲ್ಲೇ ಇಟ್ಟಿದ್ರೆ ಬ್ರಿಟಿಷ್ ಕ್ಯಾರಿಯರ್‌ಗಳು (ವಿಮಾನ ಹೊತ್ತೊಯ್ಯೋ ಯುದ್ಧನೌಕೆಗಳು) ಇನ್ನೂ ದೂರ ನಿಲ್ಬೇಕಾಗ್ತಿತ್ತು. ನನ್ನ ಪ್ರಕಾರ ಯುದ್ಧದಲ್ಲಿ ಅವ್ರು ಮಾಡಿದ ದೊಡ್ಡ ಎಡವಟ್ಟು ಇದೇ.

ಬ್ರಿಟನ್ ಕಡೆ ಪಾಡು ಕೇಳು. ಆ ಪಟ್ಟಿ ಮೇಲೆ ಬಾಂಬ್ ಹಾಕೋಕೆ ಅಟ್ಲಾಂಟಿಕ್ ಮಧ್ಯದಲ್ಲಿರೋ ಬ್ರಿಟನ್ನಿನ ಅಸೆನ್ಷನ್ ದ್ವೀಪದಿಂದ ಒಂದು ವಲ್ಕನ್ ಬಾಂಬರ್ ಹೋಗಿಬರೋದು ಅಂದ್ರೆ 11 ವಿಕ್ಟರ್ ಟ್ಯಾಂಕರ್ ಬೇಕಾಯ್ತು, ಟ್ಯಾಂಕರ್‌ಗೇ ಇನ್ನೊಂದು ಟ್ಯಾಂಕರ್ ಇಂಧನ ಕೊಡೋದು, ಹೀಗೆ ಸರಣಿ. ಹೋಗಿಬರೋಕೆ ಹತ್ತಿರತ್ತಿರ 16 ಗಂಟೆ, ಹಾಕಿದ್ದು 21 ಬಾಂಬು, ರನ್‌ವೇ ಮಧ್ಯಕ್ಕೆ ಬಿದ್ದಿದ್ದು ಒಂದೇ ಒಂದು. ಆಮೇಲೂ ಅರ್ಜೆಂಟೀನಾದ ಹರ್ಕ್ಯುಲಿಸ್ ವಿಮಾನಗಳು ಕೊನೆವರೆಗೂ ರಾತ್ರಿ ಹೊತ್ತು ಬಂದಿಳೀತಾನೇ ಇದ್ವು.

ಅದಕ್ಕೇ ಯುದ್ಧ ಮುಗಿದ್ಮೇಲೆ ಬ್ರಿಟನ್ ಮಾಡಿದ ದೊಡ್ಡ ಖರ್ಚು ಮೌಂಟ್ ಪ್ಲೆಸೆಂಟ್ ಬೇಸು, 1985ರಲ್ಲಿ ಓಪನ್ ಆಯ್ತು, ಎರಡೂವರೆ ಕಿ.ಮೀ. ರನ್‌ವೇ. ಅಲ್ಲಿ ನಾಲ್ಕು ಟೈಫೂನ್ ಫೈಟರು, ಒಂದು ವಾಯೇಜರ್ ಟ್ಯಾಂಕರು, ಸ್ಕೈ ಸೇಬರ್ ಮಿಸೈಲು, ಬೆಟ್ಟದ ತುದಿಗಳಲ್ಲಿ ರೇಡಾರು, ಒಂದು ಗಸ್ತು ಹಡಗು, ಸೈನಿಕರು ಮತ್ತೆ ಸಪೋರ್ಟ್ ಸ್ಟಾಫ್ ಸೇರಿ ಸಾವಿರದ ಮೇಲೆ ಜನ. ಆ ನಾಲ್ಕು ವಿಮಾನಗಳಿಗೆ ಹೆಸರೂ ಇದೆ, ಫೇತ್, ಹೋಪ್, ಚಾರಿಟಿ ಮತ್ತೆ ಡೆಸ್ಪರೇಷನ್ನು, ಮೊದಲ ಮೂರು ಎರಡನೇ ಮಹಾಯುದ್ಧದಲ್ಲಿ ಮಾಲ್ಟಾ ಕಾಯ್ದ ವಿಮಾನಗಳ ನೆನಪಿಗೆ, ನಾಲ್ಕನೇದು ಅಲ್ಲಿರೋರ ತಮಾಷೆ. ನಾಲ್ಕೇ ವಿಮಾನ ಯುದ್ಧ ಗೆಲ್ಲಲ್ಲ. ರನ್‌ವೇ ಶತ್ರು ಕೈಗೆ ಹೋಗ್ದೆ ಇರೋ ಹಾಗೆ ಸ್ವಲ್ಪ ದಿನ ತಡ್ಕೊಂಡ್ರೆ ಸಾಕು, ಉಳಿದಿದ್ದು ಅಸೆನ್ಷನ್ ಮೇಲೆ ಹಾರ್ಕೊಂಡು ಬರುತ್ತೆ.

ಹುಬ್ಬಳ್ಳಿ_ಹಳೇಬಸ್‌ಸ್ಟ್ಯಾಂಡ್:
ರಂಗಣ್ಣ ನೀವು ಹೇಳೂದು ಖರೆ ಅದ, ಆದ್ರ ಎಲ್ಲಾರೂ ಬರೇ ಬಾಂಬು ವಿಮಾನದ ಲೆಕ್ಕಾನ ಮಾಡಾಕತ್ತೀರಿ, ಜಗಳಾ ಯಾಕ ಅನ್ನೂದು ಯಾರೂ ಹೇಳವಲ್ರಿ. ಅರ್ಜೆಂಟೀನಾದವ್ರ ಮಾತೂ ಸ್ವಲ್ಪ ಕೇಳ್ರಿ. ಸ್ಪೇನ್ ಕಡೆಯಿಂದ ಸ್ವಾತಂತ್ರ್ಯ ಬಂದಾಗ ಸ್ಪೇನಿನ ಜಾಗಾ ಎಲ್ಲಾ ನಮಗ ಬಂತು ಅಂತ ಅವ್ರ ವಾದ. 1829ರಾಗ ಬ್ಯೂನಸ್ ಐರಿಸ್‌ನವ್ರು ಲೂಯಿಸ್ ವೆರ್ನೆಟ್ ಅನ್ನಾಂವನ್ನ ಅಲ್ಲಿ ಅಧಿಕಾರಿ ಅಂತ ನೇಮಿಸ್ಯಾರ, ಅಂವಾ ಅಲ್ಲೆ ದನಾ ಹಿಡಿಸಿ ಸೀಲ್ ಬ್ಯಾಟಿ ಮಾಡಿಸಿ ವಸ್ತಿ ಕಟ್ಟಿದ್ದಾ. ಅಮೆರಿಕದ ಹಡಗ ಹಿಡದಾ ಅಂತ 1831ರಾಗ ಅಮೆರಿಕದ ಲೆಕ್ಸಿಂಗ್ಟನ್ ಯುದ್ಧನೌಕೆ ಬಂದು ಅದನ್ನ ಹಾಳ ಮಾಡ್ತು, 1833ರ ಜನವರಿಯಾಗ ಬ್ರಿಟಿಷರ ಕ್ಲಿಯೋ ಹಡಗ ಬಂದು ಅರ್ಜೆಂಟೀನಾದ ಧ್ವಜಾ ಇಳಿಸಿ ಸೈನಿಕರನ್ನ ಹೊರಗ ಹಾಕ್ತು. ಸಾಮಾನ್ಯ ಜನಾ ಬೇಕಾದವ್ರು ಇರಬಹುದು ಅಂದ್ರು, ಅದೂ ಖರೆ. ಆದ್ರ ಆ ಇಳಿಸಿದ ಧ್ವಜಾ ಅವ್ರ ಮನಸ್ಸಿನಾಗ ಇನ್ನೂ ಕುಂತದ.

1965ರಾಗ ವಿಶ್ವಸಂಸ್ಥೆ ಸೈತ ಇಬ್ಬರೂ ಕೂತ ಮಾತಾಡ್ರಿ ಅಂತ ಠರಾವ್ ಮಾಡಿತ್ತು, 2065ನೇ ಠರಾವ್. ಯುದ್ಧಕ್ಕ ಮೊದಲ ಮಾತುಕತಿ ನಡದಿದ್ವು, ಯುದ್ಧ ಆದ ಮ್ಯಾಲೆ ಬ್ರಿಟನ್ ಅದನ್ನ ಮುಟ್ಟವಲ್ದು.

ಬ್ಯಾಕ್‌ಬೆಂಚ್_ಬಸವನಗುಡಿ:
ಇದು ಗೊತ್ತಿರ್ಲಿಲ್ಲ ಅಣ್ಣ. ಆದ್ರೆ ಅಲ್ಲಿರೋ ಜನರ ಮಾತು? 2013ರಲ್ಲಿ ರೆಫರೆಂಡಂ ಆದಾಗ ಬ್ರಿಟನ್ ಜೊತೆ ಇರ್ತೀವಿ ಅಂದೋರು 1,513, ಬೇಡ ಅಂದೋರು ಮೂರೇ ಜನ. ಆ ಮೂವರು ಯಾರು ಅಂತ ಅಷ್ಟು ಚಿಕ್ಕ ಊರಲ್ಲಿ ಎಲ್ರಿಗೂ ಗೊತ್ತಿರುತ್ತೆ ಬಿಡಿ 😄

ಇನ್ನೊಂದು, ಅರ್ಜೆಂಟೀನಾ ಹೊಸ ಫೈಟರ್ ತಗೊಳ್ತಿದೆ ಅಂತ ಓದಿದೆ, ಅದರಿಂದ ಲೆಕ್ಕ ಬದಲಾಗಲ್ವಾ?

ವಿಮಾನಪುರ_ವಾಸು:
ಫೈಟರ್ ವಿಷಯಕ್ಕೆ ಬಂದ್ರೆ ನಮ್ಮ ಬೆಂಗಳೂರೇ ಮಧ್ಯ ಬರುತ್ತೆ ಸಾರ್. ಅರ್ಜೆಂಟೀನಾ 2015ರಲ್ಲಿ ಹಳೇ ಮಿರಾಜ್‌ಗಳನ್ನ ನಿಲ್ಲಿಸ್ತು, ಆಮೇಲೆ ವರ್ಷಗಟ್ಟಲೆ ಸೂಪರ್‌ಸಾನಿಕ್ ಫೈಟರೇ ಇರ್ಲಿಲ್ಲ. ಕೊರಿಯಾದ ಎಫ್‌ಎ-50 ನೋಡಿದ್ರು, ಅದರಲ್ಲಿ ಬ್ರಿಟಿಷ್ ಬಿಡಿಭಾಗ ಇದೆ, ಬ್ರಿಟನ್ ಒಪ್ಪಲ್ಲ ಅಂತ 2020ರಲ್ಲಿ ಕೊರಿಯಾದವ್ರೇ ಕೈ ಎತ್ತಿದ್ರು. ನಮ್ಮ ಎಚ್‌ಎಎಲ್‌ನ ತೇಜಸ್ ಮೇಲೂ ಕಣ್ಣಿಟ್ಟಿದ್ರು, ಆದ್ರೆ ತೇಜಸ್‌ನಲ್ಲಿ ಪೈಲಟ್ ಕೂರೋ ಇಜೆಕ್ಷನ್ ಸೀಟು ಮಾರ್ಟಿನ್ ಬೇಕರ್ ಕಂಪ್ನಿದು, ಅದು ಬ್ರಿಟಿಷ್ ಕಂಪ್ನಿ. ಇಡೀ ವಿಮಾನ ನಾವೇ ಮಾಡಿದ್ರೂ ಸೀಟ್ ಯಾರ್ದು ಅನ್ನೋದ್ರಲ್ಲೇ ಸಿಕ್ಕಾಕೊಳ್ತು. ಸೀಟ್ ಬದಲಾಯಿಸೋದು ಅಂದ್ರೆ ಬರೀ ನಟ್ಟು ಬೋಲ್ಟು ಬಿಚ್ಚಿ ಬೇರೆ ಕೂರ್ಸೋದಲ್ಲ, ಕ್ಯಾನೋಪಿ ಹಾರೋದು, ಪೈಲಟ್ ಹೊರಗೆ ಹೋಗೋ ಟೈಮಿಂಗು, ಕಾಕ್‌ಪಿಟ್ ಜಾಗ, ಎಲ್ಲಾ ಮತ್ತೆ ಟೆಸ್ಟ್ ಮಾಡಿ ಸರ್ಟಿಫಿಕೇಟ್ ತಗೋಬೇಕು, ಸುಮ್ನೆ ಮಾತಲ್ಲ.

2023ರ ಜುಲೈನಲ್ಲಿ ಅವರ ರಕ್ಷಣಾ ಮಂತ್ರಿ ಹೋರ್ಹೆ ತಯಾನಾ ಬೆಂಗಳೂರಿಗೆ ಬಂದು ಎಚ್‌ಎಎಲ್ ನೋಡ್ಕೊಂಡು ಹೋದ್ರು, ಹೆಲಿಕಾಪ್ಟರ್ ವಿಷಯದಲ್ಲಿ ಒಂದು ಲೆಟರ್ ಆಫ್ ಇಂಟೆಂಟ್ ಸಹಿನೂ ಆಯ್ತು. ಫೈಟರ್ ಮಾತ್ರ ಕೊನೆಗೆ ಡೆನ್ಮಾರ್ಕ್‌ನಿಂದ 24 ಸೆಕೆಂಡ್ ಹ್ಯಾಂಡ್ ಎಫ್-16, 2024ರಲ್ಲಿ ಡೀಲ್ ಆಗಿದ್ದು. ಇದನ್ನೇ ನಾನು ರಂಗನ ಲಿಸ್ಟಿಗೆ ಸೇರಿಸೋದು, ಬ್ರಿಟನ್ ದ್ವೀಪ ಕಾಯ್ತಿರೋದು ಬರೀ ಟೈಫೂನ್‌ನಿಂದಲ್ಲ, ಎಕ್ಸ್‌ಪೋರ್ಟ್ ಲೈಸೆನ್ಸಿನ ಕಾಗದದಿಂದಾನೂ ಹೌದು. ಗುಂಡು ಹಾರಿಸ್ದೆ ಎಷ್ಟೋ ವರ್ಷ ಎದುರಾಳಿ ಏರ್‌ಫೋರ್ಸ್‌ನ ಖಾಲಿ ಕೂರಿಸಿದ್ರು.

ಕಾರವಾರ_ಕಡಲು:
ನಮ್ಮ ಮಾವ ನೇವಿಯಿಂದ ರಿಟೈರ್ ಆದವ್ರು, ಈ ಯುದ್ಧದ ಮಾತು ಬಂದ್ರೆ ಸಾಕು ವಿರಾಟ್ ಕತೆ ಶುರು ಮಾಡ್ತಾರೆ. ಗೊತ್ತಿಲ್ಲದವ್ರಿಗೆ, ನಮ್ಮ ಐಎನ್‌ಎಸ್ ವಿರಾಟ್ ಅಂದ್ರೆ 1982ರ ಎಚ್‌ಎಂಎಸ್ ಹರ್ಮಿಸ್ಸೇ, ಬ್ರಿಟಿಷ್ ಹಡಗುಪಡೆ ನಡೆಸಿದ ಅಡ್ಮಿರಲ್ ವುಡ್‌ವರ್ಡ್ ಅವರ ಫ್ಲಾಗ್‌ಶಿಪ್. 1987ರಲ್ಲಿ ನಮ್ಮ ನೌಕಾಪಡೆಗೆ ಬಂತು, 2017ರವರೆಗೆ ದುಡೀತು, ಮ್ಯೂಸಿಯಂ ಮಾಡ್ತೀವಿ ಅಂತ ಎಷ್ಟೋ ಮಾತಾಡಿ ಕೊನೆಗೆ ಅಲಂಗ್‌ನಲ್ಲಿ ಗುಜರಿಗೆ ಹೋಯ್ತು, ಹೊಟ್ಟೆ ಉರಿಯುತ್ತೆ.

ಇದರಲ್ಲಿ ಒಂದು ವಿಷಯ ಇದೆ. 1981ರಲ್ಲಿ ಬ್ರಿಟನ್ ರಕ್ಷಣಾ ಸಚಿವ ಜಾನ್ ನಾಟ್ ಖರ್ಚು ಕಡಿತ ಮಾಡೋಕೆ ಹೊರಟು, ಆ ಕಡೆ ಸಮುದ್ರದಲ್ಲಿ ಗಸ್ತಿಗಿದ್ದ ಎಂಡ್ಯೂರೆನ್ಸ್ ಹಡಗನ್ನ ವಾಪಸ್ ಕರೆಸ್ತೀವಿ ಅಂದ್ರು. ಇನ್‌ವಿನ್ಸಿಬಲ್ ಕ್ಯಾರಿಯರ್‌ನ ಆಸ್ಟ್ರೇಲಿಯಾಗೆ ಮಾರೋ ಒಪ್ಪಂದಾನೂ ಆಗೋಗಿತ್ತು. ಬ್ಯೂನಸ್ ಐರಿಸ್‌ನಲ್ಲಿ ಕೂತಿದ್ದ ಅರ್ಜೆಂಟೀನಾದ ಮಿಲಿಟರಿ ಆಡಳಿತಗಾರ ಗಾಲ್ಟಿಯೇರಿಗೆ ಇವರಿಗೆ ಆ ದ್ವೀಪ ಬೇಕಾಗಿಲ್ಲ ಅನ್ನಿಸ್ತು. ಅಲ್ಲಿ ಜನ ಬೇರೆ ಬೀದಿಗಿಳಿದಿದ್ರು, ಮಾರ್ಚ್ 30ಕ್ಕೆ ಮಿಲಿಟರಿ ಸರ್ಕಾರದ ವಿರುದ್ಧ ದೊಡ್ಡ ಪ್ರತಿಭಟನೆ, ಏಪ್ರಿಲ್ 2ಕ್ಕೆ ಅದೇ ಊರಿನ ಪ್ಲಾಸಾ ದೆ ಮಾಯೋ ಚೌಕದಲ್ಲಿ ಜೈಕಾರ. ಇನ್ನು ಒಂದು ವರ್ಷ ಕಾದಿದ್ರೆ ಬ್ರಿಟನ್ ಹತ್ರ ಕಳ್ಸೋಕೆ ಕ್ಯಾರಿಯರೇ ಇರ್ತಿರ್ಲಿಲ್ವೇನೋ.

ಕಷ್ಟಪಟ್ಟಿದ್ದು ಮಾತ್ರ ಕೆಳಗಿನ ಹುಡುಗ್ರು. ಅಟ್ಲಾಂಟಿಕ್ ಕನ್ವೇಯರ್ ಅಂತ ಕಂಟೇನರ್ ಹಡಗಿಗೆ ಮೇ 25ಕ್ಕೆ ಅರ್ಜೆಂಟೀನಾದ ಎಕ್ಸೋಸೆಟ್ ಮಿಸೈಲ್ ಬಿತ್ತು, ಅದರೊಳಗಿದ್ದ ಚಿನೂಕ್ ಹೆಲಿಕಾಪ್ಟರ್ ಮೂರು ಸುಟ್ಟೋದ್ವು. ಹಾಗಾಗಿ ಸ್ಯಾನ್ ಕಾರ್ಲೋಸ್‌ನಲ್ಲಿ ಇಳಿದ ಬ್ರಿಟಿಷ್ ಸೈನಿಕರಲ್ಲಿ ತುಂಬಾ ಜನ ಬೆನ್ನ ಮೇಲೆ ಮೂಟೆ ಹೊತ್ಕೊಂಡು ಚಳಿಗಾಲದ ಜೌಗು ನೆಲದಲ್ಲಿ ಸ್ಟಾನ್ಲಿ ಕಡೆ ನಡ್ಕೊಂಡೇ ಹೋದ್ರು. ಆ ಕಡೆ ಅರ್ಜೆಂಟೀನಾದ್ದು ಕಡ್ಡಾಯ ಭರ್ತಿಯ ಹುಡುಗ್ರು, ಕಂದಕದಲ್ಲಿ ನೀರು, ಊಟ ಸರಿಯಾಗಿಲ್ಲ. ದ್ವೀಪದ ಡಾರ್ವಿನ್ ಅನ್ನೋ ಊರಿನ ಹತ್ರ ಅವರ ಸ್ಮಶಾನ ಇದೆ, ಎಷ್ಟೋ ಗೋರಿ ಮೇಲೆ ಹೆಸರಿಲ್ಲದೆ "ದೇವರಿಗೆ ಮಾತ್ರ ಗೊತ್ತಿರೋ ಅರ್ಜೆಂಟೀನಾ ಸೈನಿಕ" ಅಂತ ಬರೆದಿತ್ತು. 2017ರಲ್ಲಿ ರೆಡ್‌ಕ್ರಾಸ್‌ನವ್ರು ಡಿಎನ್‌ಎ ತೆಗೆದು ನೂರಕ್ಕೂ ಹೆಚ್ಚು ಜನರ ಗುರುತು ಹಚ್ಚಿದ್ರು. 35 ವರ್ಷ ಆದ್ಮೇಲೆ ಅಮ್ಮಂದಿರಿಗೆ ಮಗನ ಗೋರಿ ಯಾವ್ದು ಅಂತ ಗೊತ್ತಾಯ್ತು.

ಹುಬ್ಬಳ್ಳಿ_ಹಳೇಬಸ್‌ಸ್ಟ್ಯಾಂಡ್:
ಕಾರವಾರದಣ್ಣ ಚಲೋ ಬರದ್ರಿ. ನಾ ಇನ್ನೊಂದು ಕೇಳ್ತೇನಿ, ಯುದ್ಧಕ್ಕ ಮೊದಲ ಬ್ರಿಟನ್ನ ಕೊಡಾಕ ಅರ್ಧಾ ತಯಾರಿತ್ತಲ್ರಿ? 1980ರಾಗ ನಿಕೋಲಸ್ ರಿಡ್ಲಿ ಅನ್ನೋ ಮಂತ್ರಿ, ದ್ವೀಪದ ಒಡೆತನಾ ಹೆಸರಿಗೆ ಅರ್ಜೆಂಟೀನಾಕ್ಕ ಕೊಟ್ಟು ಲೀಸ್ ಮ್ಯಾಲೆ ನಾವ ಇಟ್ಕೊಳ್ಳೋಣು ಅಂತ ಪ್ಲಾನ್ ತಂದಿದ್ದಾ, ಪಾರ್ಲಿಮೆಂಟಿನ್ಯಾಗ ಎಲ್ಲಾ ಪಾರ್ಟಿಯವ್ರೂ ಬೈದು ಕಳಿಸಿದ್ರು. ಈಗ 2025ರಾಗ ಹಿಂದೂ ಮಹಾಸಾಗರದಾಗ ಬ್ರಿಟನ್ ಹಿಡಕೊಂಡಿದ್ದ ಚಾಗೋಸ್ ದ್ವೀಪಗಳ ವಿಷಯದಾಗ ಮಾರಿಷಸ್ ಜೋಡಿ ಅದಾ ನಮೂನಿ ಒಪ್ಪಂದಕ್ಕ ಸಹಿ ಹಾಕ್ಯಾರ, ದ್ವೀಪಾ ನಿಮ್ದು, ಡಿಯೆಗೊ ಗಾರ್ಸಿಯಾ ಬೇಸು 99 ವರ್ಷ ಲೀಸು. ಅಲ್ಲೆ ಆಗೂದು ಇಲ್ಲೆ ಯಾಕ ಆಗಂಗಿಲ್ಲ?

ರನ್‌ವೇ_ರಂಗ:
ಚಾಗೋಸ್‌ನಲ್ಲಿ ಇದ್ದ ಜನರನ್ನ ಬ್ರಿಟನ್ನೇ ಓಡಿಸಿತ್ತು ಅಣ್ಣ, ಬೇಸ್ ಬೇಕು ಅಂತ. ಫಾಕ್‌ಲ್ಯಾಂಡ್‌ನಲ್ಲಿ ಜನ ಅಲ್ಲೇ ಇದ್ದಾರೆ, ಓಟೂ ಹಾಕಿದ್ದಾರೆ. ಅದೂ ಅಲ್ದೆ 1980ರ ಫಾಕ್‌ಲ್ಯಾಂಡ್ ಅಂದ್ರೆ ಕುರಿ ಉಣ್ಣೆ ನಂಬ್ಕೊಂಡಿದ್ದ ಬಡ ಜಾಗ, ಹೊರಗಡೆ ಹೋಗೋ ವಿಮಾನ ಅರ್ಜೆಂಟೀನಾದ್ದು, ಪೆಟ್ರೋಲು ಅವರ ವೈಪಿಎಫ್ ಕಂಪ್ನಿದು, ಮಕ್ಕಳನ್ನ ಓದೋಕೆ ಬ್ಯೂನಸ್ ಐರಿಸ್‌ಗೆ ಕಳಿಸಿದೋರೂ ಇದ್ರು. ಹತ್ತು ಇಪ್ಪತ್ತು ವರ್ಷ ಹಾಗೇ ಬಿಟ್ಟಿದ್ರೆ ತಾನಾಗೇ ಆ ಕಡೆ ವಾಲಿರೋದು. ಗಾಲ್ಟಿಯೇರಿ ಸೈನ್ಯ ಕಳಿಸಿ ಆ ದಾರಿಗೆ ಮಣ್ಣು ಹಾಕ್ದ. ಯುದ್ಧ ಆದ್ಮೇಲೆ 1983ರಲ್ಲಿ ದ್ವೀಪದವ್ರಿಗೆ ಪೂರ್ತಿ ಬ್ರಿಟಿಷ್ ಪೌರತ್ವ, ಮತ್ತೆ ನಾಲ್ಕೇ ವರ್ಷದಲ್ಲಿ ಸುತ್ತಲಿನ ಸಮುದ್ರದಲ್ಲಿ ಮೀನು ಹಿಡಿಯೋ ಲೈಸೆನ್ಸ್ ಮಾರಾಟ ಶುರು. ಸ್ಕ್ವಿಡ್ ದುಡ್ಡಲ್ಲಿ ಸ್ಕೂಲು, ಆಸ್ಪತ್ರೆ, ರೋಡು. ಸೈನ್ಯದ ಖರ್ಚು ಮಾತ್ರ ಲಂಡನ್ ಮೇಲೆ. ಈಗ ಅವರಿಗೆ ಅರ್ಜೆಂಟೀನಾದಿಂದ ಬೇಕಾಗಿರೋದು ಏನೂ ಇಲ್ಲ.

ಬಸವನಗುಡಿ, ನಿನ್ನ ಎಫ್-16 ಪ್ರಶ್ನೆಗೆ. ಹೌದು, ಇಷ್ಟು ದಿನ ಸೊನ್ನೆ ಇತ್ತು, ಈಗ ಏನೋ ಒಂದಿದೆ. ಆದ್ರೆ ದ್ವೀಪ ಹಿಡಿಯೋಕೆ ವಿಮಾನ ಸಾಲಲ್ಲ, ಸಾವಿರಾರು ಜನರನ್ನ ಸಮುದ್ರ ದಾಟಿಸಿ ಇಳಿಸ್ಬೇಕು, ತಿಂಗಳುಗಟ್ಟಲೆ ಊಟ ಡೀಸೆಲ್ ಮುಟ್ಟಿಸ್ಬೇಕು. ಅವ್ರ ಹತ್ರ ಕ್ಯಾರಿಯರ್ ಇಲ್ಲ, 2017ರಲ್ಲಿ ಸ್ಯಾನ್ ಹುವಾನ್ ಸಬ್‌ಮರೀನ್ 44 ಜನರ ಸಮೇತ ಮುಳುಗಿದ ಮೇಲೆ ಸಬ್‌ಮರೀನ್ ಪಡೆ ಹೆಸರಿಗಷ್ಟೇ. ಎದುರಿಗೆ ಬ್ರಿಟನ್ನಿನ ಒಂದು ನ್ಯೂಕ್ಲಿಯರ್ ಸಬ್‌ಮರೀನ್ ಅಲ್ಲೆಲ್ಲೋ ಇರಬಹುದು ಅನ್ನೋ ಅನುಮಾನ ಒಂದೇ ಸಾಕು, 1982ರಲ್ಲಿ ಬ್ರಿಟನ್ನಿನ ಕಾಂಕರರ್ ಸಬ್‌ಮರೀನ್ ಅರ್ಜೆಂಟೀನಾದ ಯುದ್ಧನೌಕೆ ಬೆಲ್ಗ್ರಾನೋನ ಮುಳುಗಿಸಿ 323 ಜನ ಸತ್ತ ಮೇಲೆ ಅರ್ಜೆಂಟೀನಾ ನೇವಿಯ ದೊಡ್ಡ ಹಡಗುಗಳು ತೀರ ಬಿಟ್ಟು ಆಚೆ ಬರ್ಲಿಲ್ಲ. ನನಗೆ ಕಾಣೋ ನಿಜವಾದ ವೀಕ್ ಪಾಯಿಂಟ್ ಅಸೆನ್ಷನ್. ಅಲ್ಲಿನ ರನ್‌ವೇ ಹಾಳಾಗಿ 2017ರಿಂದ ದೊಡ್ಡ ವಿಮಾನ ಇಳಿಸೋದು ನಿಲ್ಲಿಸಿದ್ರು, ಫ್ಲೈಟ್‌ಗಳೆಲ್ಲಾ ವರ್ಷಗಟ್ಟಲೆ ಕೇಪ್ ವರ್ಡೆ ಕಡೆಯಿಂದ ಸುತ್ತಾಕ್ಕೊಂಡು ಹೋಗ್ತಿದ್ವು, ಅದು ಬೇರೆ ದೇಶ, ಯುದ್ಧದ ಹೊತ್ತಲ್ಲಿ ಬಿಡ್ತಾರೋ ಇಲ್ವೋ. ಟೈಫೂನ್ ನಾಲ್ಕಿದೆಯಾ ಎಂಟಿದೆಯಾ ಅಂತ ಲೆಕ್ಕ ಹಾಕೋರು ಆ ಮಧ್ಯದ ರನ್‌ವೇ ಕಡೆ ನೋಡಲ್ಲ.

ಪೆಂಗ್ವಿನ್_ಪುಟ್ಟಿ:
ಎಲ್ಲಾ ಓದಿ ತಲೆ ಕೆಟ್ಟೋಯ್ತು 😅 ಒಂದು ನನ್ನ ಕಡೆಯಿಂದ. ಅರ್ಜೆಂಟೀನಾದವ್ರು ಬೀಚ್‌ಗಳಲ್ಲಿ ಹೂತಿದ್ದ ಲ್ಯಾಂಡ್‌ಮೈನ್ ಪೂರ್ತಿ ತೆಗೆದು ಮುಗಿಸಿದ್ದು 2020ರ ನವೆಂಬರ್‌ನಲ್ಲಿ, ಕೆಲಸ ಮಾಡಿದವ್ರಲ್ಲಿ ಹೆಚ್ಚಿನವ್ರು ಜಿಂಬಾಬ್ವೆಯಿಂದ ಬಂದಿದ್ದ ನುರಿತ ಕೆಲಸಗಾರರು. ಅಷ್ಟು ವರ್ಷ ಬೇಲಿ ಒಳಗೆ ಮನುಷ್ಯರು ಹೋಗೋ ಹಾಗಿರ್ಲಿಲ್ಲ, ಪೆಂಗ್ವಿನ್‌ಗಳು ಆರಾಮಾಗಿ ಓಡಾಡ್ಕೊಂಡಿದ್ವು, ಅವುಗಳ ತೂಕಕ್ಕೆ ಮೈನ್ ಸಿಡಿಯಲ್ಲ ಅಂತ.

ಹುಬ್ಬಳ್ಳಿ_ಹಳೇಬಸ್‌ಸ್ಟ್ಯಾಂಡ್:
ರಂಗಣ್ಣ, ಜನರ ಓಟಿನ ಮಾತು ನಾ ಒಪ್ಪಂಗಿಲ್ಲ, ಸೈನಿಕರನ್ನ ಹೊರಗ ಹಾಕಿ ನಿಮ್ಮ ಮಂದೀನ ತಂದ ಇಟ್ಟು ಆಮ್ಯಾಲೆ ಓಟ್ ಹಾಕ್ರಿ ಅಂದ್ರ ಏನರ್ಥ. ಆದ್ರ ಗಾಲ್ಟಿಯೇರಿ ದಾರಿಗೆ ಮಣ್ಣ ಹಾಕಿದಾ ಅಂದ್ರಲ್ಲ, ಅದಕ್ಕ ನಂದೂ ಹೂಂ.