ಹಳೇ ಪೆಟ್ರೋಲ್ ಕಾರು: ಬಿಸಿಯಾದ ಮೇಲೆ ಆಯಿಲ್ ಲೈಟ್ ಮಿಣುಕುತ್ತಿದೆ, 20ಡಬ್ಲ್ಯೂ-50 ಹಾಕಬಹುದಾ?

ಸಿಂಧನೂರಿನಿಂದ, ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕಾರು 2008ರದು, 1.1 ಲೀಟರ್ ಪೆಟ್ರೋಲ್ ಎಂಜಿನ್. ಒಂದೂಮುಕ್ಕಾಲು ಲಕ್ಷ ಕಿಲೋಮೀಟರ್ ಓಡಿದೆ, ಎಂಜಿನ್ ಇನ್ನೂ ಬಿಚ್ಚಿಸಿಲ್ಲ. ಮೊದಲಿನಿಂದಲೂ 5ಡಬ್ಲ್ಯೂ-30 ಆಯಿಲ್ಲೇ ಹಾಕಿಸುತ್ತಿದ್ದೇನೆ.

ಮಾನ್ವಿ ಮೇಲೆ ರಾಯಚೂರಿಗೆ ಎಸಿ ಹಾಕಿಕೊಂಡು ಹೋಗಿ, ಊರೊಳಗೆ ಸಿಗ್ನಲ್‌ನಲ್ಲಿ ನಿಂತರೆ ಕೆಂಪು ಆಯಿಲ್ ಲೈಟ್ ಮಿಣುಕುತ್ತದೆ. ಸ್ವಲ್ಪ ರೇಸ್ ಕೊಟ್ಟರೆ ಆರುತ್ತದೆ. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಒಂದಿಷ್ಟು ನೀಲಿ ಹೊಗೆ ಬರುತ್ತದೆ, ಆಮೇಲೆ ಇಡೀ ದಿನ ಇಲ್ಲ. ಸಾವಿರ ಕಿಲೋಮೀಟರಿಗೆ ಹತ್ತಿರ ಹತ್ತಿರ ಕಾಲು ಲೀಟರ್ ಆಯಿಲ್ ಇಳಿಯುತ್ತಿದೆ.

ನಮ್ಮ ಮೆಕ್ಯಾನಿಕ್ 20ಡಬ್ಲ್ಯೂ-50 ಹಾಕು ಅನ್ನುತ್ತಾರೆ. ಇನ್ನೊಬ್ಬರು ಹಾಫ್ ಎಂಜಿನ್ ಕೆಲಸ (ಎಂಜಿನ್ ಅರ್ಧ ಬಿಚ್ಚಿ ರಿಂಗ್ ಮುಂತಾದವನ್ನು ಬದಲಿಸುವುದು) ಮಾಡಿಸು ಅನ್ನುತ್ತಾರೆ. ಯಾವುದು ಸರಿ?

ಬಳ್ಳಾರಿಯಿಂದ

ನಮ್ಮ ಕಡೆ ಬಿಸಿಲಿಗೆ ದಪ್ಪ ಆಯಿಲ್ಲೇ ಬೇಕು ಅಣ್ಣ. ನನ್ನ ಹಳೇ ಜೀಪಿಗೆ ಮೊದಲಿನಿಂದ 20ಡಬ್ಲ್ಯೂ-50 ಹಾಕುತ್ತೇನೆ, ಏನೂ ಆಗಿಲ್ಲ. ಹಾಕಿ ನೋಡಿ, ಲೈಟ್ ಆರುತ್ತದೆ.

ರಾಯಚೂರಿನಿಂದ

ಲೈಟ್ ಆರಬಹುದು, ಅದೇ ನನಗೆ ಭಯ. ಲೈಟ್ ಯಾಕೆ ಬರುತ್ತಿದೆ ಅಂತ ಗೊತ್ತಾಗುವ ಮೊದಲೇ ಅದನ್ನು ಆರಿಸಿಬಿಟ್ಟರೆ, ಒಳಗಿನ ತೊಂದರೆ ಹಾಗೇ ಉಳಿಯುತ್ತದೆ ಅಲ್ವಾ?

ಮೊದಲು ಡಬ್ಬದ ಮೇಲಿನ ನಂಬರ್ ಬಗ್ಗೆ ಹೇಳುತ್ತೇನೆ. ಡಬ್ಲ್ಯೂ ಜೊತೆ ಇರುವ ನಂಬರ್ ಚಳಿಗೆ ಸಂಬಂಧಪಟ್ಟದ್ದು. 5ಡಬ್ಲ್ಯೂ ಆಯಿಲನ್ನು ಮೈನಸ್ 30 ಡಿಗ್ರಿಯಲ್ಲಿ, 20ಡಬ್ಲ್ಯೂ ಆಯಿಲನ್ನು ಮೈನಸ್ 15ರಲ್ಲಿ ಪರೀಕ್ಷೆ ಮಾಡುತ್ತಾರೆ. ನಮ್ಮ ಡಿಸೆಂಬರ್ ಬೆಳಗು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಹಾಗಂತ ಆ ನಂಬರ್ ಎಷ್ಟಿದ್ದರೂ ನಡೆಯುತ್ತದೆ ಅಂತಲ್ಲ. 40 ಡಿಗ್ರಿ ಬಿಸಿಯಲ್ಲೂ 20ಡಬ್ಲ್ಯೂ-50 ಆಯಿಲ್ 5ಡಬ್ಲ್ಯೂ-30ಗಿಂತ ಸಾಮಾನ್ಯವಾಗಿ ಎರಡು ಪಟ್ಟಿಗೂ ಜಾಸ್ತಿ ಗಟ್ಟಿ ಇರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಅದು ಮೇಲಿನ ಹೆಡ್‌ವರೆಗೆ ಹತ್ತುವುದು ತಡ. ಎಂಜಿನ್ ಸವೆಯುವುದು ಜಾಸ್ತಿ ಆ ಹೊತ್ತಿನಲ್ಲೇ.

ಬಿಸಿ ಎಂಜಿನ್‌ಗೆ ಲೆಕ್ಕಕ್ಕೆ ಬರುವುದು ಎರಡನೇ ನಂಬರ್. 100 ಡಿಗ್ರಿಯಲ್ಲಿ 30 ಅಂದರೆ 9.3ರಿಂದ 12.5 ಸೆಂಟಿಸ್ಟೋಕ್ (ಆಯಿಲ್ ಎಷ್ಟು ಗಟ್ಟಿ ಅನ್ನುವ ಅಳತೆ). 40 ಅಂದರೆ 12.5ರಿಂದ 16.3. 50 ಅಂದರೆ 16.3ರಿಂದ 21.9. ನೀವು 30ರಿಂದ ನೇರ 50ಕ್ಕೆ ಹಾರುತ್ತಿದ್ದೀರಿ. ನಡುವೆ 40 ಇದೆ, ಅದನ್ನು ಯಾರೂ ಹೇಳಲೇ ಇಲ್ಲ.

ಬಿಸಿಲಿನ ಮಾತಿಗೆ ಬಂದರೆ, ಮೇ ತಿಂಗಳಲ್ಲಿ ರಾಯಚೂರು 43–44 ಮುಟ್ಟುತ್ತದೆ, ನಿಜ. ಆದರೆ ರೇಡಿಯೇಟರ್, ಫ್ಯಾನ್ ಸರಿಯಿದ್ದರೆ ಹೊರಗಿನ ಬಿಸಿಲು ಏರಿದಷ್ಟು ಒಳಗಿನ ಆಯಿಲ್ ಬಿಸಿ ಏರುವುದಿಲ್ಲ. ಕಾರಿನ ಪುಸ್ತಕದಲ್ಲಿ ಸಾಮಾನ್ಯವಾಗಿ ಒಂದು ಚಾರ್ಟ್ ಇರುತ್ತದೆ, ಯಾವ ಹವೆಗೆ ಯಾವ ಗ್ರೇಡ್ ಅಂತ. ಹಳೇ ಕಾರುಗಳ ಪುಸ್ತಕದಲ್ಲಿ ಒಂದೇ ಗ್ರೇಡ್ ಅಲ್ಲ, ಮೂರು ನಾಲ್ಕು ಇರುತ್ತವೆ. ಅದನ್ನು ದಯವಿಟ್ಟು ತೆಗೆದು ನೋಡಿ. ಬಳ್ಳಾರಿಯವರ ಜೀಪಿನಂಥ ಹಳೇ ಎಂಜಿನ್‌ಗಳಲ್ಲಿ ಬೇರಿಂಗ್ ಸಂದು ದೊಡ್ಡದು, ಅಲ್ಲಿ 50 ನಡೆಯುತ್ತದೆ. ಅವರು ಹೇಳಿದ್ದು ಅವರ ಗಾಡಿಗೆ ಸರಿ.

ಈಗ ನಿಮ್ಮ ಕಾರು. ನೀವು ಹೇಳಿದ ಹೊಗೆ ಬೆಳಿಗ್ಗೆ ಮಾತ್ರ. ರಾತ್ರಿಯೆಲ್ಲ ನಿಂತಾಗ ವಾಲ್ವ್ ಸೀಲ್ ಸಂದಿಯಿಂದ ಆಯಿಲ್ ಹನಿ ಹನಿಯಾಗಿ ಇಳಿದು, ಸ್ಟಾರ್ಟ್ ಮಾಡಿದಾಗ ಸುಡುವ ಲಕ್ಷಣ ಅದು. ಪಿಸ್ಟನ್ ಸುತ್ತ ಇರುವ ರಿಂಗ್ ಸವೆದಿದ್ದರೆ ರೇಸ್ ಕೊಟ್ಟಾಗ, ಏರು ಹತ್ತುವಾಗ ಹೊಗೆ ಬರಬೇಕಿತ್ತು. ಹಾಫ್ ಎಂಜಿನ್ ಅನ್ನುವ ಮಾತನ್ನು ಸದ್ಯಕ್ಕೆ ಬದಿಗಿಡಿ. ಮೊದಲು ಕಂಪ್ರೆಷನ್ ಟೆಸ್ಟ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಪರೀಕ್ಷೆ, ಮಾಡಿಸಿ. ಯಾವುದಾದರೂ ಸಿಲಿಂಡರ್ ಕಡಿಮೆ ತೋರಿಸಿದರೆ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಲಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್.

ಲೈಟ್‌ನ ಕಥೆ ಬೇರೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಆಯಿಲ್ ಕಡ್ಡಿ ನೋಡಿ. ಕೆಳಗಿನ ಗೆರೆಗಿಂತ ಇಳಿದಿದ್ದರೆ ಬೇರೇನೂ ಹುಡುಕುವ ಮೊದಲು ತುಂಬಿಸಿ. ಕಡ್ಡಿಯಲ್ಲಿ ಪೆಟ್ರೋಲ್ ವಾಸನೆ ಬರುತ್ತಿದೆಯಾ ನೋಡಿ, ಪೆಟ್ರೋಲ್ ಬೆರೆತರೆ ಆಯಿಲ್ ನೀರಾಗುತ್ತದೆ. ಆಮೇಲೆ ಆಯಿಲ್ ಪ್ರೆಷರ್ ಸ್ವಿಚ್ ಬಿಚ್ಚಿ, ಅದೇ ತೂತಿಗೆ ಮೀಟರ್ ಗೇಜ್ ಹಾಕಿಸಿ. ಕಾರು ಚೆನ್ನಾಗಿ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಎಷ್ಟು, 3000 ಆರ್‌ಪಿಎಂನಲ್ಲಿ ಎಷ್ಟು ಅಂತ ಬರೆದುಕೊಳ್ಳಿ. ಈ ಎರಡು ನಂಬರ್ ಸಿಗುವವರೆಗೆ ಯಾವ ಡಬ್ಬವನ್ನೂ ಕೊಳ್ಳಬೇಡಿ. ಲೈಟ್ ಮಿಣುಕುವುದು ಬಿಟ್ಟು ಪೂರ್ತಿ ಹತ್ತಿಕೊಂಡರೆ ಮಾತ್ರ ಕೂಡಲೇ ಎಂಜಿನ್ ಆಫ್ ಮಾಡಿ, ಓಡಿಸಬೇಡಿ.

ಗಂಗಾವತಿಯಿಂದ

ಇನ್ನೆರಡು ಸೇರಿಸುತ್ತೇನೆ. ನಮ್ಮ ಕಡೆ ಗಾಡಿ ಬಿಸಿಯಾಗುತ್ತದೆ ಅಂತ ಥರ್ಮೋಸ್ಟಾಟ್ ವಾಲ್ವ್ ಕಿತ್ತು ಹಾಕುವ ರೂಢಿ ಇದೆ. ಅದು ಇಲ್ಲದಿದ್ದರೆ ಎಂಜಿನ್ ಸರಿಯಾದ ಬಿಸಿಗೆ ಬರುವುದು ತಡ. ಹತ್ತಿರ ಹತ್ತಿರ ಓಡಿಸುವ ಗಾಡಿಯಲ್ಲಿ ಆಯಿಲ್ ಕೆಸರಾಗುತ್ತದೆ. ಆ ಕೆಸರು ಕೆಳಗೆ ಚೇಂಬರ್‌ನ (ಆಯಿಲ್ ನಿಲ್ಲುವ ತಟ್ಟೆಯ) ಜಾಲರಿಗೆ ಕೂತರೆ ಪಂಪಿಗೆ ಆಯಿಲ್ ಎಳೆಯಲು ಆಗುವುದಿಲ್ಲ, ಆಗಲೂ ಲೈಟ್ ಬರುತ್ತದೆ. ಅಂಥ ಎಂಜಿನ್‌ಗೆ ಗಟ್ಟಿ ಆಯಿಲ್ ಹಾಕಿದರೆ ಇನ್ನೂ ಕಷ್ಟ. ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟು ನೋಡಿ, ಕಪ್ಪು ಜಿಡ್ಡು ಕಟ್ಟಿದ್ದರೆ ಚೇಂಬರ್ ಇಳಿಸಿ ತೊಳೆಸಿ.

ಇನ್ನೊಂದು ಏರ್ ಫಿಲ್ಟರ್. ಸಿಂಧನೂರು, ಗಂಗಾವತಿ ಕಡೆ ರೈಸ್ ಮಿಲ್ಲಿನ ಹೊಟ್ಟು, ಬೂದಿ. ಸಂಡೂರು, ತೋರಣಗಲ್ಲು ಕಡೆ ಅದಿರಿನ ಕೆಂಪು ಧೂಳು. ಶಕ್ತಿನಗರದ ಕಡೆ ಹಾರುಬೂದಿ. ಪುಸ್ತಕದಲ್ಲಿ ಬರೆದ ಅವಧಿ ಈ ರಸ್ತೆಗಳಿಗೆ ಸಾಲುವುದಿಲ್ಲ. ಫಿಲ್ಟರ್ ಅಂಚಿನ ರಬ್ಬರ್ ಸರಿಯಾಗಿ ಕೂರದಿದ್ದರೆ ಆ ಧೂಳೆಲ್ಲ ರಿಂಗಿಗೆ ಹೋಗುತ್ತದೆ. ಆಮೇಲೆ ಎಂಥ ಆಯಿಲ್ ಹಾಕಿದರೂ ಅಷ್ಟೇ.

ಸಿಂಧನೂರಿನಿಂದ

ಎಲ್ಲರಿಗೂ ಧನ್ಯವಾದ. ಟೆಸ್ಟ್ ಮಾಡಿಸಿದೆ. ನಾಲ್ಕೂ ಸಿಲಿಂಡರ್ ಕಂಪ್ರೆಷನ್ 160 ಪಿಎಸ್‌ಐ (ಒತ್ತಡದ ಅಳತೆ) ಆಸುಪಾಸು, ದೊಡ್ಡ ವ್ಯತ್ಯಾಸ ಇಲ್ಲ. ಗೇಜ್ ಬಿಸಿ ಐಡ್ಲಿಂಗ್‌ನಲ್ಲಿ 14–15 ಪಿಎಸ್‌ಐ, 3000ದಲ್ಲಿ 45 ತೋರಿಸಿತು. ಒಳಗೆ ಜಿಡ್ಡು ಇಲ್ಲ, ಥರ್ಮೋಸ್ಟಾಟ್ ಇದೆ. ಹಳೇ ಸ್ವಿಚ್ ಬಿಚ್ಚಿದಾಗ ಅದರ ಕನೆಕ್ಟರ್ ಒಳಗೆಲ್ಲ ಆಯಿಲ್ ತುಂಬಿತ್ತು.

ರಾಯಚೂರಿನಿಂದ

ಒಳ್ಳೆ ಸುದ್ದಿ. ಐಡ್ಲಿಂಗ್‌ನಲ್ಲಿ 14 ಇದ್ದರೆ ಲೈಟ್ ಬರಬಾರದು. ಈ ಸ್ವಿಚ್‌ಗಳು ಸಾಮಾನ್ಯವಾಗಿ 4–7 ಪಿಎಸ್‌ಐಗಿಂತ ಇಳಿದಾಗ ಮಾತ್ರ ಲೈಟ್ ಹತ್ತಿಸುತ್ತವೆ. ಒಳಗೆ ಪದರ ಸೋರಿದ್ದಕ್ಕೇ ಕನೆಕ್ಟರ್‌ಗೆ ಆಯಿಲ್ ಬಂದಿದೆ. ಸ್ವಿಚ್ ಬದಲಿಸಿ. ಎಂಜಿನ್ ಬಿಚ್ಚುವ ಮಾತೇ ಬೇಡ.

ಕಡಿಮೆಯಾಗುತ್ತಿರುವ ಕಾಲು ಲೀಟರ್ ವಾಲ್ವ್ ಸೀಲ್‌ನದು. ಸೀಲ್ ರಬ್ಬರ್ ವಯಸ್ಸಿಗೆ ಕಲ್ಲಾಗುತ್ತದೆ, ಯಾವ ಆಯಿಲ್ಲೂ ಅದನ್ನು ಪೂರ್ತಿ ರಿಪೇರಿ ಮಾಡುವುದಿಲ್ಲ. ಸಿಲಿಂಡರ್‌ಗೆ ಕಂಪ್ರೆಸರ್ ಗಾಳಿ ಕೊಟ್ಟು ವಾಲ್ವ್ ಮೇಲೆ ನಿಲ್ಲಿಸಿ, ಹೆಡ್ ಇಳಿಸದೆ ಸೀಲ್ ಹಾಕುವವರು ಇದ್ದಾರೆ, ವಿಚಾರಿಸಿ. ಅವಸರವಿಲ್ಲ. ಅಲ್ಲಿಯವರೆಗೆ ಪುಸ್ತಕದ ಚಾರ್ಟ್ ಒಪ್ಪಿದರೆ ಒಂದು ಮೆಟ್ಟಿಲು ಮಾತ್ರ ಏರಿ, 5ಡಬ್ಲ್ಯೂ-40 ಅಥವಾ 10ಡಬ್ಲ್ಯೂ-40. ಡಬ್ಬದ ಮೇಲೆ ಗುಣಮಟ್ಟದ ಗುರುತು ಎಪಿಐ ಎಸ್‌ಎನ್ ಅಥವಾ ಎಸ್‌ಪಿ ಇರಲಿ. ಎಸ್‌ಪಿ 2020ರಲ್ಲಿ ಬಂದದ್ದು, ಹಳೇ ಕಾರಿಗೂ ನಡೆಯುತ್ತದೆ. ಅಂಗಡಿಯವರು ಬೈಕಿನ ಆಯಿಲ್ ಕೊಟ್ಟರೆ ಬೇಡ ಅನ್ನಿ. ಡಬ್ಬದ ಮೇಲೆ ಜಾಸೋ ಎಂಎ ಅಂತ ಇದ್ದರೆ ಅದು ಬೈಕಿನ ಕ್ಲಚ್‌ಗೆ ಮಾಡಿದ್ದು. ಸೀಲ್ ಇರುವ ಡಬ್ಬ ನಿಮ್ಮ ಕಣ್ಣೆದುರಿಗೇ ಒಡೆಸಿ. ಜೊತೆಗೆ ಹೊಸ ಆಯಿಲ್ ಫಿಲ್ಟರ್.

ಬಳ್ಳಾರಿಯಿಂದ

ಡೀಸೆಲ್ ಗಾಡಿಯ 15ಡಬ್ಲ್ಯೂ-40 ಇವರಿಗೆ ನಡೆಯುತ್ತದಾ? ಮನೆಯಲ್ಲಿ ಒಂದು ಡಬ್ಬ ಇದೆ, ಕೊಟ್ಟುಬಿಡುತ್ತಿದ್ದೆ.

ರಾಯಚೂರಿನಿಂದ

ನಿಮ್ಮ ಮನಸ್ಸು ದೊಡ್ಡದು ಅಣ್ಣ. ಡಬ್ಬದ ಮೇಲೆ ಡೀಸೆಲ್ ಗುರುತಾದ ಸಿಐ-4 ಜೊತೆಗೆ ಪೆಟ್ರೋಲ್ ಗುರುತಾದ ಎಸ್‌ಎಲ್ ಅಥವಾ ಎಸ್‌ಎನ್ ಅಂತಲೂ ಇದ್ದರೆ ಪೆಟ್ರೋಲಿಗೂ ಆಗುತ್ತದೆ. ಆದರೆ ಅಂಥ ಆಯಿಲ್‌ನಲ್ಲಿ ಫಾಸ್ಫರಸ್ ಜಾಸ್ತಿ ಇರುತ್ತದೆ. ಇವರ ಎಂಜಿನ್ ಆಯಿಲ್ ಸುಡುತ್ತಿದೆ, ಅದು ಹೋಗಿ ಸೈಲೆನ್ಸರ್‌ನ ಕ್ಯಾಟಲಿಟಿಕ್ ಕನ್ವರ್ಟರ್ ಕೆಡಿಸುತ್ತದೆ. ಬೇಡ ಬಿಡಿ.

ಸಿಂಧನೂರಿನಿಂದ

ಪುಸ್ತಕ ಸಿಕ್ಕಿತು, ಚಾರ್ಟ್‌ನಲ್ಲಿ 10ಡಬ್ಲ್ಯೂ-40 ಇದೆ, ಅದನ್ನೇ ಹಾಕಿಸುತ್ತೇನೆ. ಸ್ವಿಚ್ ಹಾಕುವಾಗ ಸೋರದಿರಲಿ ಅಂತ ಟೇಪ್ ಸುತ್ತಬೇಕಾ?

ರಾಯಚೂರಿನಿಂದ

ಸುತ್ತಬೇಡಿ. ಒಂದೇ ವೈರ್ ಇರುವ ಸ್ವಿಚ್‌ಗೆ ಅರ್ಥ್ ಸಿಗುವುದು ಅದರ ಥ್ರೆಡ್‌ನಿಂದಲೇ. ಟೇಪ್ ದಪ್ಪಗೆ ಸುತ್ತಿದರೆ ಅರ್ಥ್ ಕಡಿದು, ಪ್ರೆಷರ್ ನಿಜವಾಗಿ ಬಿದ್ದರೂ ಲೈಟ್ ಬರುವುದಿಲ್ಲ. ಕೆಲಸ ಮುಗಿದ ಮೇಲೆ ಕೀ ಆನ್ ಮಾಡಿ, ಸ್ಟಾರ್ಟ್ ಮಾಡದೆ ನೋಡಿ. ಕೆಂಪು ಲೈಟ್ ಹತ್ತಲೇಬೇಕು. ಸ್ಟಾರ್ಟ್ ಆದ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಹತ್ತದಿದ್ದರೆ ಗ್ಯಾರೇಜಿನಿಂದ ಗಾಡಿ ತೆಗೆಯಬೇಡಿ.