ತರಕಾರಿ ಮಡಿಗೆ ಮುಚ್ಚಿಗೆ: ನಾರಿನ ಪುಡಿಯೋ, ಅಡಿಕೆ ಸಿಪ್ಪೆಯೋ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಮನೆ. ಹಿತ್ತಲಲ್ಲಿ 10 ಅಡಿ ಉದ್ದ, 4 ಅಡಿ ಅಗಲದ ನಾಲ್ಕು ಮಡಿ ಮಾಡಿದ್ದೇನೆ. ಬದನೆ, ಟೊಮೆಟೊ, ಮೆಣಸಿನಕಾಯಿ ಇವೆ. ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೇ ಆರಿಹೋಗುತ್ತದೆ. ಅದಕ್ಕೇ ಮುಚ್ಚಿಗೆ (ತೇವ ಉಳಿಯಲು ಮಣ್ಣಿನ ಮೇಲೆ ಹರಡುವ ಹೊದಿಕೆ, ಮಲ್ಚ್) ಹಾಕಬೇಕು ಅಂತಿದ್ದೇನೆ. 3 ಇಂಚು ದಪ್ಪಕ್ಕೆ ಲೆಕ್ಕ ಹಾಕಿದರೆ ನಾಲ್ಕೂ ಮಡಿಗೆ ಸೇರಿ 40 ಘನ ಅಡಿ ಬೇಕು. ಒಂದೆರಡು ಚೀಲದಲ್ಲಿ ಮುಗಿಯುವ ಕೆಲಸ ಅಲ್ಲ.

ಮೊದಲು ಭತ್ತದ ಹೊಟ್ಟು ಹಾಕಿದೆ. ಗಾಳಿಗೆ ಅರ್ಧ ಪಕ್ಕದ ಮನೆಯ ಅಂಗಳ ಸೇರಿತು (ಅವರು ಇನ್ನೂ ಮುಖ ಕೊಟ್ಟು ಮಾತಾಡುತ್ತಿಲ್ಲ). ಆಮೇಲೆ ಸಾಮಿಲ್‌ನಿಂದ ಮರದ ಹೊಟ್ಟು ತಂದೆ. ಮೇಲೆ ಹರಡುವ ಬದಲು ಸುಮ್ನೆ ಮಣ್ಣಿಗೇ ಬೆರೆಸಿಬಿಟ್ಟೆ. ಗಿಡವೆಲ್ಲ ಹಳದಿ! ಹೊಟ್ಟು ಕೊಳೆಯುವಾಗ ಮಣ್ಣಿನ ಸಾರಜನಕ ಎಳೆದುಕೊಳ್ಳುತ್ತದೆ ಅಂತ ತಡವಾಗಿ ಗೊತ್ತಾಯಿತು. ಹೊಂಗೆ ಎಲೆ ಚೆನ್ನಾಗಿಯೇ ಇತ್ತು, ಆದರೆ ಇರುವುದು ಒಂದೇ ಮರ.

ಈಗ ಒಂದು ಟೆಂಪೊ ಲೋಡ್ ತರಿಸಬೇಕು. ಹತ್ತಿರದಲ್ಲಿ ಸಿಗುವುದು ತೆಂಗಿನ ನಾರಿನ ಪುಡಿ, ಇಲ್ಲವೇ ಅಡಿಕೆ ಸಿಪ್ಪೆ. ಹಸಿ ನಾರಿನ ಪುಡಿಯಲ್ಲಿ ಉಪ್ಪು, ಒಗರು ಜಾಸ್ತಿ, ತೊಳೆದೇ ಹಾಕಬೇಕು ಅನ್ನುತ್ತಾರೆ. ನೀರು ಉಳಿಸಲು ಹೊರಟವನು ಒಂದು ಲೋಡ್ ಪುಡಿ ಎಲ್ಲಿ ತೊಳೆಯಲಿ? ಅಡಿಕೆ ಸಿಪ್ಪೆಗೆ ಗೆದ್ದಲಿನ ಭಯ.

ಬಳಸಿ ನೋಡಿದವರು ಹೇಳಿ: ನಾರಿನ ಪುಡಿಯನ್ನು ಬೆರೆಸದೆ ಮೇಲೆ ಮಾತ್ರ ಹರಡುವುದಾದರೂ ತೊಳೆಯಲೇಬೇಕಾ? ಅಡಿಕೆ ಸಿಪ್ಪೆ ಹಾಕಿದ ಮಡಿಗೆ ಗೆದ್ದಲು ನಿಜವಾಗಿ ಬಂತಾ? ಎರಡರಲ್ಲಿ ಯಾವುದನ್ನು ತರಿಸಲಿ?